ಇ-ಗ್ರಾಮಸ್ವರಾಜ್ ನೋಡಿ, ಆದರೆ ಅಲ್ಲಿಗೇ ನಿಲ್ಲಿಸಬೇಡಿ

ಇ-ಗ್ರಾಮಸ್ವರಾಜ್‌ಗೆ ಐದಕ್ಕೆ ಮೂರು ಅಂಕ ಕೊಡುತ್ತೇನೆ. 2020ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ವೆಬ್‌ಸೈಟ್ ಇದು. ರಾಜ್ಯ, ಜಿಲ್ಲೆ, ತಾಲ್ಲೂಕು, ಗ್ರಾಮ ಪಂಚಾಯಿತಿ ಅಂತ ಆರಿಸಿಕೊಂಡು ಹೋದರೆ ಆ ವರ್ಷದ ಕ್ರಿಯಾ ಯೋಜನೆ, ಬಂದ ಹಣ, ಆದ ಖರ್ಚು ಕಾಣುತ್ತದೆ. ಲಾಗಿನ್ ಬೇಡ, ಅರ್ಜಿ ಹಾಕಿ ಕಾಯಬೇಕಾಗಿಲ್ಲ. ಇದು ಸಣ್ಣ ವಿಷಯವಲ್ಲ.

ಮೊದಲು 15ನೇ ಹಣಕಾಸು ಆಯೋಗದ ಶಿಫಾರಸಿನಂತೆ ಕೇಂದ್ರ ಪಂಚಾಯಿತಿಗಳಿಗೆ ಕೊಟ್ಟ ಹಣ ನೋಡಿ. 2021-22ರಿಂದ 2025-26ರವರೆಗೆ ಅದರಲ್ಲಿ ಶೇ. 60 ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲಾಗಿತ್ತು, ಉಳಿದ ಶೇ. 40 ಊರಿನ ಬೇರೆ ಅಗತ್ಯಗಳಿಗೆ. ಮನೆ ಕಂದಾಯದ ಲೆಕ್ಕಕ್ಕೆ ಮಾತ್ರ ನಮ್ಮ ರಾಜ್ಯದ ಪಂಚತಂತ್ರ ವೆಬ್‌ಸೈಟ್‌ಗೆ ಹೋಗಬೇಕು, ಉದ್ಯೋಗ ಖಾತರಿ ಕೂಲಿಗೆ ಇನ್ನೊಂದು ಸೈಟು. ಒಂದೇ ಪಂಚಾಯಿತಿಯ ಪೂರ್ತಿ ಖರ್ಚು ಕೂಡಿಸಿ ನೋಡೋದು ಸುಲಭವಲ್ಲ.

ನನ್ನ ದೊಡ್ಡ ತಕರಾರು ಬೇರೆ. ಇಲ್ಲಿ ದುಡ್ಡು ಎಷ್ಟು ಬಂತು, ಎಷ್ಟು ಖರ್ಚಾಯಿತು ಅನ್ನೋದೇ ಮುಖ್ಯ. ಒಂದು ಪಂಚಾಯಿತಿ ಅದೇ ಬೋರ್‌ವೆಲ್ ಮೋಟಾರನ್ನು ಮತ್ತೆ ಮತ್ತೆ ರಿವೈಂಡ್ ಮಾಡಿಸಿ ಹಣವೆಲ್ಲ ಮುಗಿಸಿದೆ ಅಂತಿಟ್ಟುಕೊಳ್ಳಿ, ಪಕ್ಕದ್ದು ಪ್ಯಾನಲ್ ಬೋರ್ಡ್ ಸರಿ ಮಾಡಿಸಿ ಮೋಟಾರು ಸುಡೋದನ್ನೇ ತಪ್ಪಿಸಿ ಹಣ ಉಳಿಸಿದೆ. ಖರ್ಚಿನ ಲೆಕ್ಕದಲ್ಲಿ ಹಿಂದುಳಿದಂತೆ ಕಾಣೋದು ಉಳಿಸಿದ ಪಂಚಾಯಿತಿಯೇ! ನಮಗೆ ಬೇಕಾದ ಅಳತೆ ಅದಲ್ಲ, ಅಲ್ವಾ? ಒಂದು ಮನೆಗೆ ದಿನಕ್ಕೆ ಎಷ್ಟು ಹೊತ್ತು ನೀರು ಬಂತು, ಆ ನೀರಿಗೆ ಕರೆಂಟು, ರಿಪೇರಿ ಎಲ್ಲ ಸೇರಿ ಎಷ್ಟು ಬಿತ್ತು, ಹಾಕಿದ ಚರಂಡಿ ಎಷ್ಟು ಮಳೆಗಾಲ ತಡೆಯಿತು, ಇದನ್ನು ಪಕ್ಕದ ಪಂಚಾಯಿತಿ ಜೊತೆ ಹೋಲಿಸಿದಾಗ ಮಾತ್ರ ದುಡ್ಡು ಸರಿಯಾಗಿ ಬಳಕೆಯಾಗಿದೆಯಾ ಅಂತ ಗೊತ್ತಾಗೋದು. ಊರಿನ ನೀರಗಂಟಿಗೆ ಇದರಲ್ಲಿ ಅರ್ಧ ಉತ್ತರ ಬಾಯಲ್ಲೇ ಇರುತ್ತದೆ. ಅದನ್ನು ಬರೆದಿಡೋ ವ್ಯವಸ್ಥೆ ಬೇಕು.

ವೋಚರ್, ಅಂದರೆ ಹಣ ಪಾವತಿಯ ಚೀಟಿಯ ವಿವರವೂ ಹಲವು ಕಡೆ ತೀರಾ ಚುಟುಕು. "ನೀರು ಸರಬರಾಜು ನಿರ್ವಹಣೆ" ಅಂತಷ್ಟೇ ಬರೆದರೆ ಯಾವ ಬೀದಿ, ಯಾವ ಮೋಟಾರು ಅಂತ ಯಾರಿಗೆ ತಿಳಿಯಬೇಕು?

ಆದರೂ ಬಳಸಿ. ಕಾಮಗಾರಿ ಪಟ್ಟಿಯ ಪ್ರಿಂಟ್ ತೆಗೆದುಕೊಂಡು ಪ್ರತಿ ವರ್ಷ ನಡೆಯುವ ಜಮಾಬಂದಿಗೆ ಹೋಗಿ. ಅಲ್ಲಿ ಹಿಂದಿನ ವರ್ಷದ ದಾಖಲೆ, ಕಾಮಗಾರಿಗಳನ್ನು ಜನರ ಎದುರೇ ಪರಿಶೀಲಿಸಬೇಕು. ಸುಮ್ನೆ "ಎಷ್ಟು ಖರ್ಚಾಯಿತು" ಅಂತ ಕೇಳಬೇಡಿ, ಅದು ನಿಮ್ಮ ಕೈಯಲ್ಲೇ ಇದೆ. ಕಾಮಗಾರಿಯ ಅಳತೆ ಬರೆದಿಟ್ಟ ಪುಸ್ತಕ ತೆಗೆಸಿ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನು ಜಾಗಕ್ಕೆ ಕರೆದುಕೊಂಡು ಹೋಗಿ, ಟೇಪು ಹಿಡಿದು ನೋಡಿ.