ರುಮಟಾಯ್ಡ್ ಆರ್ಥ್ರೈಟಿಸ್‌ಗೆ ಆಸ್ಪತ್ರೆ ಚಿಕಿತ್ಸೆ: ಹಲವು ವರ್ಷ ತೋರಿಸಿಕೊಂಡವಳ ವಿಮರ್ಶೆ

ರೇಟಿಂಗ್: 5ಕ್ಕೆ 4 (ಈಗಿನ ಆಸ್ಪತ್ರೆಗೆ). ಹಿಂದಿನದಕ್ಕೆ 2 ಕೊಟ್ಟರೂ ಜಾಸ್ತಿಯೇ.

ಹೆಸರು ಎರಡರದ್ದೂ ಬರೆಯುವುದಿಲ್ಲ. ಎರಡೂ ಕಡೆ ನನಗೆ ಸಿಕ್ಕ ಔಷಧಿ ಹೆಚ್ಚುಕಮ್ಮಿ ಒಂದೇ. ಚೀಟಿಗಳನ್ನು ಪಕ್ಕಪಕ್ಕ ಇಟ್ಟರೆ ಯಾವುದು ಎಲ್ಲಿಯದು ಅಂತ ಹೇಳುವುದು ಕಷ್ಟ. ಆದರೆ ಒಂದು ಕಡೆ ಬೆರಳು ಊದಿಕೊಂಡೇ ಇತ್ತು, ಇನ್ನೊಂದು ಕಡೆ ಇಳಿಯಿತು. ಔಷಧಿ ಒಂದೇ ಆದಮೇಲೆ ಫಲ ಯಾಕೆ ಬೇರೆ ಆಯಿತು ಅನ್ನುವುದೇ ಇಲ್ಲಿನ ವಿಷಯ.

ಹೊಸಬರಿಗಾಗಿ ಒಂದೆರಡು ಮಾತು. ಇದು ವಯಸ್ಸಾಗಿ ಮಂಡಿ ಸವೆದು ಬರುವ ನೋವಲ್ಲ. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆ ಕೀಲಿನ ಒಳಪೊರೆಯ ಮೇಲೇ ತಿರುಗಿಬೀಳುತ್ತದೆ. ಪೊರೆ ಊದಿಕೊಳ್ಳುತ್ತದೆ, ಹಾಗೇ ಬಿಟ್ಟರೆ ಪಕ್ಕದ ಮೆದು ಮೂಳೆಯನ್ನೂ ಗಟ್ಟಿ ಮೂಳೆಯನ್ನೂ ಕೊರೆಯುತ್ತದೆ. ಕೊರೆದದ್ದು ಮತ್ತೆ ತುಂಬಿಕೊಳ್ಳುವುದಿಲ್ಲ. ಅದಕ್ಕೇ ಮೊದಲ ಕೆಲವು ತಿಂಗಳು ಅಷ್ಟು ಮುಖ್ಯ. ಸಾಮಾನ್ಯವಾಗಿ ಬೆರಳಿನ ಬುಡದ ಗಂಟು, ನಡುವಿನ ಗಂಟು, ಮಣಿಕಟ್ಟು, ಪಾದದ ಬೆರಳಿನ ಬುಡ, ಇಲ್ಲೆಲ್ಲ ಶುರುವಾಗುತ್ತದೆ. ಹೆಚ್ಚಾಗಿ ಎರಡೂ ಬದಿಗೆ ಬರುತ್ತದೆ. ಉಗುರಿನ ಪಕ್ಕದ ಗಂಟಿನ ತಂಟೆಗೆ ಸಾಮಾನ್ಯವಾಗಿ ಹೋಗುವುದಿಲ್ಲ. ಬೆಳಿಗ್ಗೆ ಎದ್ದಾಗ ಮುಷ್ಟಿ ಕಟ್ಟಲು ಆಗದಷ್ಟು ಬಿಗಿತ, ಅದೂ ಅರ್ಧ ಗಂಟೆ, ಒಂದು ಗಂಟೆ ಕಳೆದರೂ ಬಿಡದಿದ್ದರೆ ಮೂಳೆ ಡಾಕ್ಟರ ಹತ್ತಿರ ಸುತ್ತಾಡದೆ ನೇರವಾಗಿ ರುಮಟಾಲಜಿಸ್ಟ್, ಅಂದರೆ ಇಂಥ ಕೀಲು ಕಾಯಿಲೆಗಳ ತಜ್ಞರ ಹತ್ತಿರ ಹೋಗಿ. ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಜಾಸ್ತಿ ಬರುವ ಕಾಯಿಲೆ ಇದು. ಸಿಗರೇಟು ಸೇದುವವರಿಗೆ ಅಪಾಯ ಇನ್ನೂ ಹೆಚ್ಚು.

ಹಿಂದಿನ ಆಸ್ಪತ್ರೆಯಲ್ಲಿ ಡಾಕ್ಟರು ಮೇಜಿನ ಆ ಕಡೆ, ನಾನು ಈ ಕಡೆ. ರಕ್ತದ ರಿಪೋರ್ಟ್ ನೋಡುತ್ತಿದ್ದರು. ಇಎಸ್‌ಆರ್ ಇಳಿದಿದೆ, ಚೆನ್ನಾಗಿದ್ದೀರಿ, ಇದನ್ನೇ ಮುಂದುವರಿಸಿ. ಕೈ ತೋರಿಸಿದರೆ ದೂರದಿಂದಲೇ ನೋಡಿ ತಲೆಯಾಡಿಸುತ್ತಿದ್ದರು. ಮುಟ್ಟಿ ನೋಡಿದ ನೆನಪು ನನಗಿಲ್ಲ. ಇಎಸ್‌ಆರ್, ಸಿಆರ್‌ಪಿ ಎರಡೂ ಉರಿಯೂತದ ಅಂದಾಜು ಕೊಡುತ್ತವೆ, ನಿಜ. ಆದರೆ ರಕ್ತದಲ್ಲಿ ಎಲ್ಲ ಸರಿಯಾಗಿ ಕಂಡರೂ ಬೆರಳ ಗಂಟು ಊದಿಕೊಂಡೇ ಇರಬಹುದು. ರುಮಟಾಯ್ಡ್ ಫ್ಯಾಕ್ಟರ್ ಅನ್ನುವ ರಕ್ತ ಪರೀಕ್ಷೆ ನೆಗೆಟಿವ್ ಬಂದವರಿಗೂ ಈ ಕಾಯಿಲೆ ಇರುತ್ತದೆ, ಪಾಸಿಟಿವ್ ಬಂದವರೆಲ್ಲರಿಗೂ ಇರುವುದಿಲ್ಲ. ಆಂಟಿ ಸಿಸಿಪಿ ಅನ್ನುವ ಪರೀಕ್ಷೆ ಇದಕ್ಕಿಂತ ನಂಬಿಕಸ್ಥ, ಆದರೂ ಅದೊಂದೇ ಸಾಲುವುದಿಲ್ಲ.

ಈಗಿನ ಆಸ್ಪತ್ರೆಯಲ್ಲಿ ಮೊದಲ ಸಲವೇ ಡಾಕ್ಟರು ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು. ಒಂದೊಂದೇ ಗಂಟನ್ನು ಹೆಬ್ಬೆರಳಿನಿಂದ ಒತ್ತುತ್ತಾ ಹೋದರು. ಎಷ್ಟು ಒತ್ತಬೇಕು ಅನ್ನುವುದಕ್ಕೂ ಲೆಕ್ಕ ಇದೆ: ಒತ್ತುವವರ ಉಗುರು ಬೆಳ್ಳಗಾಗುವಷ್ಟು. ಒತ್ತುವಾಗ ಅವರು ನೋಡುತ್ತಿದ್ದದ್ದು ನನ್ನ ಮುಖ. ನೋವಾದರೆ ಬಾಯಿ ಬಿಡುವ ಮೊದಲೇ ಹುಬ್ಬು ಗಂಟಾಗುತ್ತದಲ್ಲ, ಅದನ್ನು ಹಿಡಿಯುತ್ತಾರೆ. ಪಕ್ಕದಲ್ಲಿ ಸಿಸ್ಟರ್ ಒಂದು ಮನುಷ್ಯಾಕೃತಿಯ ಚಿತ್ರದ ಮೇಲೆ ಗುರುತು ಹಾಕುತ್ತಿದ್ದರು. ನೋವಿರುವ ಗಂಟು ಬೇರೆ, ಊತ ಇರುವ ಗಂಟು ಬೇರೆ.

ಒಟ್ಟು 28 ಕೀಲು. ಎರಡು ಭುಜ, ಎರಡು ಮೊಣಕೈ, ಎರಡು ಮಣಿಕಟ್ಟು, ಎರಡು ಮಂಡಿ, ಉಳಿದ 20 ಕೈಬೆರಳುಗಳದ್ದು. ಆಮೇಲೆ ಒಂದು ಗೆರೆ ತೋರಿಸಿ ಕೇಳುತ್ತಾರೆ: ಒಟ್ಟಾರೆ ಹೇಗಿದ್ದೀರಿ, ಇದರ ಮೇಲೆ ಗುರುತು ಹಾಕಿ. ನೋವಿನ ಗಂಟೆಷ್ಟು, ಊತದ ಗಂಟೆಷ್ಟು, ಈ ಗುರುತು ಎಲ್ಲಿದೆ, ಈ ಮೂರಕ್ಕೆ ಇಎಸ್‌ಆರ್ ಅಥವಾ ಸಿಆರ್‌ಪಿ ಸೇರಿಸಿ ಲೆಕ್ಕ ಹಾಕಿದರೆ ಡಿಎಎಸ್28 ಅನ್ನುವ ಒಂದು ಅಂಕಿ ಬರುತ್ತದೆ. ಇಎಸ್‌ಆರ್ ಲೆಕ್ಕದಲ್ಲಿ 5.1ಕ್ಕಿಂತ ಮೇಲಿದ್ದರೆ ಕಾಯಿಲೆ ಜೋರಾಗಿದೆ. 3.2ಕ್ಕಿಂತ ಕೆಳಗೆ ಬಂದರೆ ಹಿಡಿತಕ್ಕೆ ಬಂದಿದೆ. 2.6ಕ್ಕಿಂತಲೂ ಕೆಳಗಿಳಿದರೆ ಕಾಯಿಲೆ ತಣ್ಣಗಿದೆ ಅಂತ.

ಅಂಕಿಯಲ್ಲಿ ಏನಿದೆ ಮಹಾ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. ಅದರ ಉಪಯೋಗ ಗೊತ್ತಾದದ್ದು ಮುಂದಿನ ಸಲ ಹೋದಾಗ. ಗುರಿ ಅಂತ ಒಂದು ಅಂಕಿ ಮೊದಲೇ ಬರೆದಿಟ್ಟಿದ್ದರು. ನಾನು ಪರವಾಗಿಲ್ಲ ಅಂದೆ. ಅಂಕಿ ಒಪ್ಪಲಿಲ್ಲ! ಡಾಕ್ಟರು ಡೋಸ್ ಏರಿಸಿದರು. ಮೂರು ತಿಂಗಳಲ್ಲಿ ಸುಧಾರಣೆ ಕಾಣಬೇಕು, ಆರು ತಿಂಗಳಲ್ಲಿ ಗುರಿ ಮುಟ್ಟಬೇಕು, ಇಲ್ಲದಿದ್ದರೆ ಔಷಧಿ ಬದಲಾಯಿಸಬೇಕು ಅನ್ನುವುದು ಈಗ ಎಲ್ಲ ಕಡೆ ಒಪ್ಪಿಕೊಂಡ ಪದ್ಧತಿ. ವರ್ಷಗಟ್ಟಲೆ ನೋವು ತಿಂದವರು ಸುಮ್ನೆ 'ಪರವಾಗಿಲ್ಲ' ಅಂದುಬಿಡುತ್ತಾರೆ. ಆ ಮಾತಿನ ಮೇಲೆ ಚಿಕಿತ್ಸೆ ನಡೆದರೆ ಮೂಳೆ ಒಳಗೊಳಗೇ ಹೋಗುತ್ತದೆ.

ಔಷಧಿಗೆ ಬರೋಣ. ಮುಖ್ಯವಾದದ್ದು ಮೆಥೊಟ್ರೆಕ್ಸೇಟ್. ಮೊದಲು ಕ್ಯಾನ್ಸರ್‌ಗೆ ಬಳಸುತ್ತಿದ್ದ ಔಷಧಿ, ಅಮೆರಿಕದಲ್ಲಿ 1988ರಲ್ಲಿ ಈ ಕಾಯಿಲೆಗೆ ಒಪ್ಪಿಗೆ ಸಿಕ್ಕಿತು. ಇಲ್ಲಿ ಕೊಡುವ ಡೋಸ್ ಬಹಳ ಕಡಿಮೆ. ವಾರಕ್ಕೆ ಒಂದೇ ದಿನ. ಈ ಸಾಲನ್ನು ದಯವಿಟ್ಟು ಇನ್ನೊಮ್ಮೆ ಓದಿ. ದಿನಾ ನುಂಗಿದರೆ ಮೂಳೆಯೊಳಗಿನ ಮಜ್ಜೆ ರಕ್ತಕಣ ಮಾಡುವುದನ್ನೇ ನಿಲ್ಲಿಸಬಹುದು, ಜೀವಕ್ಕೇ ಅಪಾಯ. ಈಗಿನ ಆಸ್ಪತ್ರೆಯಲ್ಲಿ ಚೀಟಿಯ ಮೇಲೆ 'ವಾರಕ್ಕೊಮ್ಮೆ' ಅಂತಷ್ಟೇ ಬರೆಯದೆ ಯಾವ ದಿನ ಅಂತ ಅದರ ಹೆಸರನ್ನೇ ದೊಡ್ಡದಾಗಿ ಬರೆದರು. ಸಿಸ್ಟರ್ ಮಾತ್ರೆ ಕೈಗೆ ಕೊಡುವ ಮೊದಲು 'ಯಾವತ್ತು ತಗೋತೀರಿ, ನೀವೇ ಹೇಳಿ' ಅಂತ ಹೇಳಿಸಿದರು. ಮಾರನೆಯ ದಿನ ಫೋಲಿಕ್ ಆಸಿಡ್. ಹಿಂದಿನ ಕಡೆ ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ.

ಫಲ ಕಾಣಲು ಆರರಿಂದ ಹನ್ನೆರಡು ವಾರ ಬೇಕು. ಮಾತ್ರೆ ತೆಗೆದುಕೊಂಡ ಮಾರನೆಯ ದಿನ ಹೊಟ್ಟೆ ತೊಳಸುತ್ತದೆ, ಏನೂ ಬೇಡ ಅನ್ನಿಸುತ್ತದೆ. ನನಗೆ ಅದು ಸಹಿಸಲು ಆಗದಿದ್ದಾಗ ಚರ್ಮದ ಕೆಳಗೆ ಕೊಡುವ ಇಂಜೆಕ್ಷನ್‌ಗೆ ಬದಲಾಯಿಸಿದರು. ತೊಂದರೆ ಪೂರ್ತಿ ಹೋಗಲಿಲ್ಲ, ತುಂಬಾ ಕಡಿಮೆಯಾಯಿತು. ಇನ್ನೊಂದು ಎಚ್ಚರಿಕೆ: ಮೂತ್ರದ ಸೋಂಕು, ಮತ್ತೊಂದು ಅಂತ ಬೇರೆ ಡಾಕ್ಟರ ಹತ್ತಿರ ಹೋದರೆ ಈ ಔಷಧಿ ನಡೆಯುತ್ತಿದೆ ಅಂತ ಹೇಳಲೇಬೇಕು. ಟ್ರೈಮೆಥೊಪ್ರಿಮ್ ಇರುವ ಆಂಟಿಬಯಾಟಿಕ್ ಇದರ ಜೊತೆ ಸೇರಿದರೆ ದೊಡ್ಡ ಅನಾಹುತ ಆಗಬಹುದು.

ಮಕ್ಕಳ ಯೋಚನೆ ಇದೆಯಾ ಅಂತ ಔಷಧಿ ಬರೆಯುವ ಮೊದಲೇ ಕೇಳಬೇಕು. ಮೆಥೊಟ್ರೆಕ್ಸೇಟ್ ಮಗುವಿಗೆ ಹಾನಿ ಮಾಡುತ್ತದೆ, ಗರ್ಭಿಣಿಯಾಗುವುದಕ್ಕೆ ತಿಂಗಳುಗಳ ಮುಂಚೆಯೇ ನಿಲ್ಲಿಸಬೇಕು. ಹಿಂದಿನ ಆಸ್ಪತ್ರೆಯಲ್ಲಿ ಈ ಪ್ರಶ್ನೆಯೇ ಬರಲಿಲ್ಲ. ನಾನು 2 ಕೊಟ್ಟದ್ದೂ ಜಾಸ್ತಿ ಅಂದದ್ದು ಮುಖ್ಯವಾಗಿ ಇದಕ್ಕೆ.

ಸ್ಟೀರಾಯ್ಡ್ ಬಗ್ಗೆ ಜನರಿಗೆ ಎರಡೇ ಅಭಿಪ್ರಾಯ: ವಿಷ, ಇಲ್ಲ ಅಮೃತ. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಈ ಕಾಯಿಲೆಯಿದ್ದ ಒಬ್ಬ ಹೆಂಗಸಿಗೆ ಕಾರ್ಟಿಸೋನ್ ಅನ್ನುವ ಸ್ಟೀರಾಯ್ಡ್ ಕೊಟ್ಟರು. ಏಳಲೂ ಕಷ್ಟಪಡುತ್ತಿದ್ದವರು ಕೆಲವೇ ದಿನಗಳಲ್ಲಿ ಓಡಾಡಿದರು. 1950ರಲ್ಲಿ ಹೆಂಚ್ ಮತ್ತು ಇನ್ನಿಬ್ಬರಿಗೆ ನೊಬೆಲ್ ಬಂತು. ಆ ಮ್ಯಾಜಿಕ್ ನನಗೂ ಆಯಿತು. ತೊಂದರೆ ಇರುವುದೇ ಅಲ್ಲಿ. ಅಷ್ಟು ಹಾಯಾಗಿದ್ದರೆ ಬಿಡಲು ಮನಸ್ಸು ಬರುವುದಿಲ್ಲ. ಜಾಸ್ತಿ ದಿನ ತೆಗೆದುಕೊಂಡರೆ ಮೂಳೆ ಟೊಳ್ಳಾಗುತ್ತದೆ, ಸಕ್ಕರೆ ಏರುತ್ತದೆ, ಸೋಂಕು ಬೇಗ ಹಿಡಿಯುತ್ತದೆ. ಥಟ್ಟನೆ ಬಿಡುವಂತೆಯೂ ಇಲ್ಲ, ದೇಹ ತಾನು ಮಾಡಿಕೊಳ್ಳುವ ಸ್ಟೀರಾಯ್ಡನ್ನು ಅಷ್ಟರಲ್ಲಿ ಕಡಿಮೆ ಮಾಡಿರುತ್ತದೆ. ಈಗಿನವರು ಶುರು ಮಾಡಿದ ದಿನವೇ ಮುಗಿಸುವ ದಿನವನ್ನೂ ಬರೆದು, ಎಷ್ಟೆಷ್ಟು ಇಳಿಸಬೇಕು ಅಂತ ಚಾರ್ಟ್ ಕೊಟ್ಟರು. ಸ್ಟೀರಾಯ್ಡ್‌ಗೆ ಇಂಥ ಚೀಟಿ ಕೊಡದ ಕಡೆ ನಾನಂತೂ ನಿಲ್ಲುವುದಿಲ್ಲ.

ಹೈಡ್ರಾಕ್ಸಿಕ್ಲೋರೊಕ್ವಿನ್ ಕೂಡ ಇದೆ, ಮಲೇರಿಯಾ ಔಷಧಿಗಳ ಬಳಗದ್ದು. ನನಗೆ ಇದರಿಂದ ಏನೂ ಕಿರಿಕಿರಿ ಇಲ್ಲ. ಕಣ್ಣಿನ ಪರೀಕ್ಷೆ ಮಾತ್ರ ತಪ್ಪಿಸಬಾರದು. ಮೊದಲ ವರ್ಷದೊಳಗೆ ಒಮ್ಮೆ, ಐದು ವರ್ಷ ದಾಟಿದ ಮೇಲೆ ಪ್ರತಿ ವರ್ಷ. ರೋಗನಿರೋಧಕ ವ್ಯವಸ್ಥೆಯ ಒಂದೊಂದು ಕೊಂಡಿಯನ್ನೇ ಗುರಿಯಿಟ್ಟು ತಡೆಯುವ ಬಯೋಲಾಜಿಕ್ ಇಂಜೆಕ್ಷನ್‌ಗಳು 1998ರಿಂದ ಬಂದಿವೆ. ನನಗೆ ಇನ್ನೂ ಬೇಕಾಗಿಲ್ಲ, ಅದರ ಬಗ್ಗೆ ಅನುಭವದಿಂದ ಹೇಳಲಾರೆ. ಶುರು ಮಾಡುವ ಮೊದಲು ಮೈಯಲ್ಲಿ ಮಲಗಿರುವ ಟಿಬಿ, ಹೆಪಟೈಟಿಸ್ ಬಿ ಇದೆಯಾ ಅಂತ ಪರೀಕ್ಷೆ ಮಾಡಲೇಬೇಕು. ಮಾಡದೆ ಕೊಡಲು ಹೊರಟರೆ ಎದ್ದು ಬನ್ನಿ.

ರಕ್ತ ಪರೀಕ್ಷೆ ಬೇಜಾರಿನ ಕೆಲಸ. ಮೊದಮೊದಲು ಕೆಲವೇ ವಾರಗಳಿಗೊಮ್ಮೆ, ಎಲ್ಲ ಸ್ಥಿರವಾದ ಮೇಲೆ ಸುಮಾರು ಮೂರು ತಿಂಗಳಿಗೊಮ್ಮೆ. ರಕ್ತಕಣ, ಲಿವರ್, ಕಿಡ್ನಿ ನೋಡುತ್ತಾರೆ. ಒಂದು ಸಲ ರಕ್ತ ಕೊಟ್ಟು ಮನೆಗೆ ಬಂದಿದ್ದೆ. ಸಂಜೆ ಸಿಸ್ಟರ್ ಫೋನ್ ಮಾಡಿದರು: 'ಲಿವರ್ ಎನ್‌ಜೈಮ್ ಏರಿದೆ ಮೇಡಂ, ಈ ವಾರದ ಡೋಸ್ ಹಾಕ್ಕೋಬೇಡಿ, ಮತ್ತೆ ರಕ್ತ ಕೊಡಿ.' ಮುಂದಿನ ಪರೀಕ್ಷೆಯಲ್ಲಿ ಇಳಿದಿತ್ತು, ಕಡಿಮೆ ಡೋಸ್‌ನಲ್ಲಿ ಮತ್ತೆ ಶುರು ಮಾಡಿದರು. ಹಿಂದಿನ ಕಡೆಯೂ ಪರೀಕ್ಷೆ ಬರೆಯುತ್ತಿದ್ದರು. ರಿಪೋರ್ಟ್ ಮುಂದಿನ ಭೇಟಿಯವರೆಗೆ ಕವರಿನಲ್ಲೇ ಇರುತ್ತಿತ್ತು.

ಕಾಯುವುದು, ಪಾರ್ಕಿಂಗ್, ಕೌಂಟರ್ ಎಲ್ಲ ಎಲ್ಲ ಆಸ್ಪತ್ರೆಯಂತೆಯೇ. ಬೆರಳು ಮಡಚಲು ಬಾರದವರಿಗೆ ಮೂರು ಪುಟದ ಫಾರಂ ಕೊಟ್ಟು ಕೈಬರಹದಲ್ಲಿ ತುಂಬಿ ಅನ್ನುತ್ತಾರೆ, ಇದಕ್ಕೆ ನಗಬೇಕೋ ಅಳಬೇಕೋ.

ಫಿಸಿಯೋ ವಿಭಾಗಕ್ಕೆ ಪೂರ್ತಿ ಅಂಕ. ಡಬ್ಬದ ಮುಚ್ಚಳವನ್ನು ಬೆರಳಿನಿಂದ ತಿರುಗಿಸದೆ ಅಂಗೈ ಒತ್ತಿ ತಿರುಗಿಸುವುದು, ಪೆನ್ನಿಗೆ ಸ್ಪಂಜು ಸುತ್ತಿ ದಪ್ಪ ಮಾಡಿಕೊಳ್ಳುವುದು, ಚೀಲವನ್ನು ಬೆರಳಿಗೆ ನೇತುಹಾಕದೆ ಮುಂಗೈಗೆ ಹಾಕಿಕೊಳ್ಳುವುದು, ರಾತ್ರಿ ಮಣಿಕಟ್ಟಿಗೆ ಪಟ್ಟಿ. ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ. ಮಾಡಿದ ಮೇಲೆ ಗೊತ್ತಾಗುತ್ತದೆ.

ಅದೇ ವಿಭಾಗಕ್ಕೆ ಬರುವ ಬೇರೆ ಕಾಯಿಲೆಯವರಿಗೆ ನನ್ನ ಈ ಅಳತೆಗೋಲು ಹೊಂದುವುದಿಲ್ಲ. ಲೂಪಸ್ (ರೋಗನಿರೋಧಕ ವ್ಯವಸ್ಥೆ ಹಲವು ಅಂಗಗಳ ಮೇಲೆ ತಿರುಗಿಬೀಳುವ ಕಾಯಿಲೆ) ಇರುವವರಿಗೆ ಗಂಟಿಗಿಂತ ಮೂತ್ರದ ಪರೀಕ್ಷೆ ಮುಖ್ಯ, ಕಿಡ್ನಿ ಕೆಡುತ್ತಿದ್ದರೂ ಮೊದಲಿಗೆ ನೋವೇ ಇರುವುದಿಲ್ಲ. ಬೆನ್ನುಮೂಳೆಗೆ ಉರಿಯೂತ ಬರುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್‌ನವರಿಗೆ ಕೂತರೆ, ಮಲಗಿದರೆ ಬೆನ್ನು ಬಿಗಿಯುತ್ತದೆ, ಓಡಾಡಿದರೆ ಸಡಿಲವಾಗುತ್ತದೆ. ಅವರ ಬೆನ್ನಿಗೆ ಮೆಥೊಟ್ರೆಕ್ಸೇಟ್ ಕೆಲಸ ಮಾಡುವುದಿಲ್ಲ. ನನ್ನ ಚೀಟಿ ನೋಡಿ ಅದೇ ನನಗೂ ಬೇಕು ಅಂದವರು ಇದ್ದಾರೆ, ಅದಕ್ಕೇ ಹೇಳಿದೆ.

ಒಂದು ಸ್ಟಾರ್ ಕಳೆದದ್ದು ಯಾಕೆ? ಎರಡು ಕಾರಣ. ಸುಸ್ತಿಗೆ ಆ ಅಂಕಿಯಲ್ಲಿ ನೇರವಾಗಿ ಜಾಗವಿಲ್ಲ. ಗಂಟು ಇಳಿದಿದೆ, ಅಂಕಿ ಇಳಿದಿದೆ, ನನಗೆ ಮಧ್ಯಾಹ್ನಕ್ಕೇ ಮೈಯೆಲ್ಲ ಸೋತುಹೋಗಿರುತ್ತದೆ. ಹೇಳಿದರೆ ಬರೆದುಕೊಳ್ಳುತ್ತಾರೆ, ಅಷ್ಟೇ.

ಎರಡನೆಯದು ಪಾದ. ಆ 28ರಲ್ಲಿ ಪಾದದ ಒಂದು ಗಂಟೂ ಇಲ್ಲ. ಕಾಯಿಲೆ ಶುರುವಾಗುವ ಜಾಗಗಳಲ್ಲಿ ಅದೂ ಒಂದು ಅಂತ ಆಗಲೇ ಹೇಳಿದೆನಲ್ಲ, ಆದರೂ ಲೆಕ್ಕಕ್ಕಿಲ್ಲ. ಅಂಕಿ 2.6ಕ್ಕಿಂತ ಕೆಳಗಿದ್ದ ದಿನವೂ ನನಗೆ ನೆಲಕ್ಕೆ ಕಾಲಿಟ್ಟರೆ ಬೆರಳ ಬುಡದಲ್ಲಿ ಕಲ್ಲು ಸಿಕ್ಕಂತೆ ಆಗುತ್ತಿತ್ತು. ಈಗ ಹೆಸರು ಕರೆದ ತಕ್ಷಣ ಚಪ್ಪಲಿ ಬಿಟ್ಟು ಒಳಗೆ ಹೋಗಿ ಕಾಲನ್ನೇ ಮುಂದೆ ಚಾಚುತ್ತೇನೆ. ಡಾಕ್ಟರು ನಕ್ಕು, ಮೊದಲು ಅದನ್ನೇ ಒತ್ತಿ ನೋಡುತ್ತಾರೆ. ಕಳೆದ ಸಲ ಅಲ್ಟ್ರಾಸೌಂಡ್‌ಗೂ ಬರೆದುಕೊಟ್ಟರು.