ಸ್ಲೈಡ್ ಡಬ್ಬಿ ಕಣ್ಣು ಮುಚ್ಚಿ ಕೊಳ್ಳಿ, ಚಾರ್ಟ್ ಮಾತ್ರ ಬಿಚ್ಚಿ ನೋಡಿ

ಪುಣೆಯಲ್ಲಿ ಶಾಲೆ ಪುಸ್ತಕ ಅಂದರೆ ಅಪ್ಪಾ ಬಳವಂತ ಚೌಕ. ಅಲ್ಲೇ ಹತ್ತಿರ ಲ್ಯಾಬ್ ಸಾಮಾನು ಮಾರುವ ಒಂದು ಚಿಕ್ಕ ಅಂಗಡಿಯಿಂದ ಹೋದ ತಿಂಗಳು ಮೈಕ್ರೋಸ್ಕೋಪಿನಲ್ಲಿ ನೋಡುವ 25 ಸ್ಲೈಡಿನ ಡಬ್ಬಿ ಮತ್ತು ಮನುಷ್ಯನ ದೇಹದ ಒಂದು ಚಾರ್ಟ್ ತಂದೆ. ಮನೆಯಲ್ಲಿ ಒಂಬತ್ತನೇ ಕ್ಲಾಸಿನ ಆರು ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ, ಅವರಿಗಾಗಿ.

ಸ್ಲೈಡ್‌ಗಳು ನಿಜಕ್ಕೂ ಚೆನ್ನಾಗಿವೆ. ರಕ್ತದ ಸ್ಲೈಡ್ ಒಂದಕ್ಕೇ ಕೊಟ್ಟ ದುಡ್ಡು ಸಾರ್ಥಕ. ರಕ್ತವನ್ನು ಎಷ್ಟು ತೆಳ್ಳಗೆ ಬಳಿದಿದ್ದಾರೆ ಅಂದರೆ ಕಣಗಳು ಒಂದರ ಮೇಲೊಂದು ಬೀಳದೆ ಬಿಡಿಬಿಡಿಯಾಗಿ ಕಾಣುತ್ತವೆ. 400 ಪಟ್ಟು ದೊಡ್ಡದು ಮಾಡಿ ನೋಡಿದೆವು. ಕೆಂಪು ಕಣದ ನಡುವೆ ಬಣ್ಣ ತೆಳು, ಯಾಕೆಂದರೆ ಅದು ಎರಡೂ ಕಡೆ ತಗ್ಗು, ಉದ್ದಿನ ವಡೆಗೆ ತೂತು ಪೂರ್ತಿ ಮಾಡದೆ ಬೆರಳಲ್ಲಿ ಒತ್ತಿ ಬಿಟ್ಟ ಹಾಗೆ. ಅಗಲ ಬರೀ 7–8 ಮೈಕ್ರಾನ್, ಒಂದು ಮಿಲಿಮೀಟರಿನಲ್ಲಿ ನೂರಕ್ಕೂ ಜಾಸ್ತಿ ಕಣ ಸಾಲಾಗಿ ನಿಲ್ಲಬಹುದು. ನಡುನಡುವೆ ಒಂದೊಂದು ಬಿಳಿ ರಕ್ತಕಣ, ಅದರ ನ್ಯೂಕ್ಲಿಯಸ್ ಮೂರ್ನಾಲ್ಕು ಗಂಟು ಹಾಕಿದ ದಾರದಂತೆ.

‘ಆಂಟಿ, ಬಿಳಿ ಅಂದ್ರಿ, ಇದು ನೇರಳೆ ಇದೆಯಲ್ಲ?’ ಅಂತ ಒಬ್ಬಳು ಕೇಳಿದಳು. ಒಳ್ಳೆಯ ಪ್ರಶ್ನೆ ಅಲ್ವಾ? ಅದು ಕಾಣಲಿ ಅಂತ ಹಾಕಿದ ಬಣ್ಣ. ಪ್ಯಾರಮೀಸಿಯಮ್ ಅನ್ನುವ ಒಂದೇ ಜೀವಕೋಶದ ಜೀವಿ ಕೂಡ ಈ ಡಬ್ಬಿಯಲ್ಲಿ ಗುಲಾಬಿ, ಆದರೆ ನೀರಿನಲ್ಲಿ ಜೀವಂತ ಇರುವಾಗ ಅದಕ್ಕೆ ಬಣ್ಣವೇ ಇಲ್ಲ. ಯಾವ ಸ್ಲೈಡಿಗೆ ಯಾವ ಬಣ್ಣ ಹಾಕಿದ್ದಾರೆ ಅಂತ ಡಬ್ಬಿಯೊಳಗಿನ ಚೀಟಿಯಲ್ಲಿ ಒಂದು ಸಾಲು ಬರೆಯಬೇಕಿತ್ತು. ಇದೊಂದು ಕೊರತೆ.

ಈರುಳ್ಳಿ ಬೇರಿನ ತುದಿಯದೂ ಚೆನ್ನಾಗಿದೆ, ಜೀವಕೋಶ ಒಡೆದು ಎರಡಾಗುವಾಗ ಕ್ರೋಮೋಸೋಮ್‌ಗಳು ಎರಡು ಕಡೆಗೆ ಎಳೆದುಕೊಂಡು ಹೋಗುವುದು ಕಾಣುತ್ತದೆ.

ಇನ್ನು ಚಾರ್ಟ್. ಬಣ್ಣ ಸೊಗಸಾಗಿತ್ತು, ಕಾಗದ ದಪ್ಪ. ಮನೆಗೆ ತಂದು ಗೋಡೆಗೆ ಹಾಕಿದ ಮೇಲೆ ನೋಡಿದರೆ ಲಿವರ್ ಚಿತ್ರದ ಮನುಷ್ಯನ ಎಡಗಡೆಗೆ! ಚಿತ್ರವನ್ನೇ ಕನ್ನಡಿಯಂತೆ ತಿರುಗಿಸಿ ಅಚ್ಚು ಹಾಕಿ, ಹೆಸರುಗಳನ್ನು ಆಮೇಲೆ ಬರೆದಿದ್ದಾರೆ. ಮೂರು ಭಾಗ ಇರಬೇಕಾದದ್ದು ಬಲ ಶ್ವಾಸಕೋಶ, ಇಲ್ಲಿ ಎಡದ್ದಕ್ಕೆ ಮೂರು. ಹೃದಯದ ತುದಿಯೂ ಬಲಕ್ಕೆ. ಹೀಗೆ ಅಂಗಗಳೆಲ್ಲ ಅದಲುಬದಲಾಗಿ ಹುಟ್ಟುವವರು ಇದ್ದಾರೆ, ಆದರೆ ತೀರಾ ಅಪರೂಪ. ಮಕ್ಕಳು ಇದನ್ನೇ ನೋಡಿ ಕಲಿತರೆ ಗತಿ ಏನು? ನನಗೆ ತುಂಬಾ ಬೇಜಾರಾಯಿತು. ದುಡ್ಡು ಕೊಟ್ಟು ತಪ್ಪು ಕಲಿಸಿದ ಹಾಗೆ ಆಗುತ್ತಿತ್ತು.

ಮರುದಿನ ತೆಗೆದುಕೊಂಡು ಹೋದೆ. ಅಂಗಡಿಯ ಕಾಕಾ ಒಂದು ಮಾತೂ ವಾದ ಮಾಡಲಿಲ್ಲ. ಇದ್ದ ಸುರುಳಿಗಳನ್ನೆಲ್ಲ ಟೇಬಲ್ ಮೇಲೆ ಬಿಚ್ಚಿದರು, ಇಬ್ಬರೂ ಕೂತು ನೋಡಿದೆವು. ಬೇರೆ ಪ್ರಕಾಶಕರ ಒಂದು ಸರಿಯಿತ್ತು. ಅದರಲ್ಲಿ ಬಲ ಕಿಡ್ನಿ ಎಡದ್ದಕ್ಕಿಂತ ಸ್ವಲ್ಪ ಕೆಳಗಿರುವುದನ್ನೂ ತೋರಿಸಿದ್ದಾರೆ, ಮೇಲೆ ಲಿವರ್ ಕೂತಿರುತ್ತದಲ್ಲ, ಅದಕ್ಕೆ. ಅದನ್ನೇ ತಂದೆ, ಬೆಲೆ 40 ರೂಪಾಯಿ ಜಾಸ್ತಿ.

ಚಾರ್ಟಿನ ಮನುಷ್ಯ ನಮ್ಮ ಎದುರಿಗೆ ನಿಂತಿರುತ್ತಾನೆ, ಹಾಗಾಗಿ ಲಿವರ್ ನಿಮ್ಮ ಎಡಗೈ ಕಡೆ ಕಾಣಬೇಕು. ದುಡ್ಡು ಕೊಡುವ ಮೊದಲು ಅಷ್ಟು ನೋಡಿಕೊಳ್ಳಿ.