ನಿದ್ದೆ ಬರಿಸುವ ಕಿವಿ ಕ್ಲಿಪ್: ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

18,500 ರೂಪಾಯಿ ಹೋಯಿತು. ಮನೆಯಲ್ಲಿ ಇನ್ನೂ ಪೂರ್ತಿ ಹೇಳಿಲ್ಲ, ಅಷ್ಟು ನಾಚಿಕೆ. ಆದರೂ ಬರೆಯುತ್ತಿದ್ದೇನೆ. ಇನ್ನೊಬ್ಬರು ಸಿಕ್ಕಿಹಾಕಿಕೊಳ್ಳಬಾರದು.

ಒಂದೂವರೆ ವರ್ಷದಿಂದ ನನಗೆ ನಿದ್ದೆ ಸರಿಯಿಲ್ಲ. ರಾತ್ರಿ ಎರಡಕ್ಕೆ ಎಚ್ಚರವಾದರೆ ಹಾಲಿನವನು ಬರುವವರೆಗೂ ಕಣ್ಣು ಮುಚ್ಚಲ್ಲ. ಮಾತ್ರೆ ಅಂದ್ರೆ ಭಯ. ಆಗ ಈ ಕಿವಿ ಕ್ಲಿಪ್‌ನ ಜಾಹೀರಾತು ಕಣ್ಣಿಗೆ ಬಿತ್ತು. ನಂಬರ್ ಕೊಟ್ಟ ಹತ್ತೇ ನಿಮಿಷಕ್ಕೆ ಫೋನ್. "ವೇಗಸ್ ನರಕ್ಕೆ ಸಣ್ಣ ಕರೆಂಟ್ ಕೊಡ್ತೀವಿ ಮೇಡಂ. ಸೂಜಿ ಇಲ್ಲ, ಮಾತ್ರೆ ಇಲ್ಲ. 30 ದಿನದಲ್ಲಿ ಗುಣ ಕಾಣದಿದ್ರೆ ಪೂರ್ತಿ ದುಡ್ಡು ವಾಪಸ್." ವೇಗಸ್ ಅಂದರೆ ಮಿದುಳಿನಿಂದ ಎದೆ, ಹೊಟ್ಟೆಗೆ ಇಳಿಯುವ ನರ. ಚೀನಾದ ಅಧ್ಯಯನ ಅಂತ ಪಿಡಿಎಫ್ ಕೂಡ ಕಳಿಸಿದರು. ನಾನು ಓದಲಿಲ್ಲ. ದುಡ್ಡು ಕಟ್ಟಿಬಿಟ್ಟೆ.

ದಿನಾ ರಾತ್ರಿ ಓಲೆ ಬಿಚ್ಚಿ ಸ್ಟೀಲ್ ಬಟ್ಟಲಿಗೆ ಹಾಕುವುದು, ಓಲೆಯ ಜಾಗಕ್ಕೇ ಕ್ಲಿಪ್ ಸಿಕ್ಕಿಸಿ ಅರ್ಧ ಗಂಟೆ ಮಲಗುವುದು. ಇರುವೆ ಹರಿದ ಹಾಗೆ ಚುರುಚುರು. ಮೂರು ವಾರಕ್ಕೆ ಹಾಲೆ ಕೆಂಪಗಾಗಿ ಉರಿ ಬಂತು. ನಿದ್ದೆ ಬರಲಿಲ್ಲ.

ಒಂದು ರಾತ್ರಿ ಅದೇ ಪಿಡಿಎಫ್ ತೆಗೆದು ಕೂತೆ. 2024ರದು, 72 ಜನ, 8 ವಾರ. ನಿಜವಾದ ಕರೆಂಟ್ ಪಡೆದವರಿಗೆ ನಿದ್ದೆ ಸುಧಾರಿಸಿದೆ, ಸುಳ್ಳಲ್ಲ. ಆದರೆ ಅವರು ಕರೆಂಟ್ ಕೊಟ್ಟಿದ್ದು ಕಿವಿ ತೂತಿನ ಪಕ್ಕದ ತಗ್ಗಿಗೆ! ವೇಗಸ್ ನರದ ಕವಲು ಬರುವುದು ಅಲ್ಲಿಗೆ. ಹಾಲೆಗೆ ಆ ಕವಲು ಬರುವುದೇ ಇಲ್ಲ. ಅದಕ್ಕೇ ಇಂಥ ಎಷ್ಟೋ ಅಧ್ಯಯನಗಳಲ್ಲಿ ಹೋಲಿಸಿ ನೋಡಲು ಕೊಡುವ ಸುಳ್ಳು ಚಿಕಿತ್ಸೆಗೆ ಹಾಲೆಯನ್ನೇ ಆರಿಸಿಕೊಳ್ಳುತ್ತಾರೆ. ಮೂರು ವಾರ ನಾನು ಕ್ಲಿಪ್ ಹಾಕಿಕೊಂಡಿದ್ದು ಅದೇ ಜಾಗಕ್ಕೆ. ದುಡ್ಡು ಕೊಟ್ಟು ಸುಳ್ಳು ಚಿಕಿತ್ಸೆ! ಮೈಯೆಲ್ಲಾ ಉರಿದುಹೋಯಿತು.

ಬೆಳಗ್ಗೆಯೇ ಫೋನ್ ಮಾಡಿ ಕೇಳಿದೆ. "ಎಲ್ಲಾ ನರಾನೂ ಕನೆಕ್ಟ್ ಆಗಿರತ್ತಲ್ವಾ ಮೇಡಂ?" ಅಂದರು. ಗುಣ ಕಂಡಿಲ್ಲ ಅಂದೆ. "ದೇಹ ಒಗ್ಗೋಕೆ 90 ದಿನ ಬೇಕು." ಹಾಗಾದರೆ 30 ದಿನದ ಮಾತು? "ಕಿವಿಗೆ ಹಾಕಿದ ಐಟಂ, ಹೈಜೀನ್ ರೂಲ್ಸ್, ವಾಪಸ್ ಆಗಲ್ಲ." ಕಿವಿಗೆ ಹಾಕದೆ ಗುಣ ಗೊತ್ತಾಗುವುದು ಹೇಗೆ ಹೇಳಿ! ಕೊನೆಗೆ, "ನೀವು ಟೆನ್ಷನ್ ಜಾಸ್ತಿ ಮಾಡ್ಕೋತೀರಾ, ಅದಕ್ಕೇ ನಿದ್ದೆ ಬರಲ್ಲ." ಈ ಮಾತು ಇನ್ನೂ ಚುಚ್ಚುತ್ತಿದೆ. ಆಮೇಲೆ ನಂಬರ್ ಬ್ಲಾಕ್.

ಬಾಕ್ಸ್ ತಳದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದಾರೆ: ಯಾವ ಕಾಯಿಲೆಗೂ ಚಿಕಿತ್ಸೆಯಲ್ಲ. ಲೈಸೆನ್ಸ್ ನಂಬರ್ ಎಲ್ಲೂ ಇಲ್ಲ. ತಗೊಳ್ಳುವ ಮುಂಚೆ ಇದೆರಡನ್ನೂ ನೋಡಿ. ಕ್ಲಿಪ್ ಕಿವಿಯ ಯಾವ ಜಾಗಕ್ಕೆ ಅಂತ ಕೇಳಿ. ಹಾಲೆಗೆ ಅಂದರೆ ಫೋನ್ ಇಟ್ಟುಬಿಡಿ. ಮೊದಲು ಡಾಕ್ಟರ್ ಹತ್ತಿರ ಹೋಗಿ. ನಾನು ಮಲಗುವ, ಏಳುವ ಹೊತ್ತು ಬರೆದಿಡಲು ಅವರು ಹೇಳಿ, ಸಿಬಿಟಿ ಅಂದರೆ ನಿದ್ದೆಯ ಅಭ್ಯಾಸ, ಯೋಚನೆ ತಿದ್ದುವ ಮಾತಿನ ಚಿಕಿತ್ಸೆ ಶುರು ಮಾಡಿಸಿದ್ದಾರೆ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ.

ಇನ್ನೊಂದು ಮಾತು. ಅತ್ತೆಗೂ ನಿದ್ದೆ ಕಡಿಮೆ, ಅವರಿಗೂ ಒಂದು ದಿನ ಹಾಕಿ ನೋಡೋಣ ಅಂದುಕೊಂಡಿದ್ದೆ. ಅವರ ಎದೆಯಲ್ಲಿ ಪೇಸ್‌ಮೇಕರ್ ಇದೆ. ಅಂಥವರು ಇದನ್ನು ಬಳಸಬಾರದು ಅಂತ ಡಾಕ್ಟರ್ ಹೇಳಿದಾಗಲೇ ನನಗೆ ಗೊತ್ತಾಗಿದ್ದು. ಮಾರುವಾಗ ನಾಲ್ಕು ಸಲ ಫೋನ್ ಮಾಡಿದ್ದರು, ಒಂದು ಸಲವೂ ಅದನ್ನು ಕೇಳಲಿಲ್ಲ.